ಮೆಲ್ಬರ್ನ್‌ನಲ್ಲಿ ಮನೆ ಕಟ್ಟಿಸ್ತಿದ್ದೀರಾ? ಎನರ್ಜಿ ರೂಲ್ ಯಾವ ದಾರೀಲಿ ಪಾಸ್ ಮಾಡ್ತಾರೆ ಅಂತ ಸೈನ್ ಹಾಕೋ ಮುಂಚೆ ಕೇಳಿ

ಬಿಲ್ಡರ್ "ನಮ್ದು ಸೆವೆನ್ ಸ್ಟಾರ್ ಮನೆ" (ಸ್ಟಾರ್ ಜಾಸ್ತಿ ಇದ್ದಷ್ಟೂ ಮನೆಗೆ ಹೀಟಿಂಗ್, ಎಸಿ ಕಮ್ಮಿ ಸಾಕು ಅಂತ ಅರ್ಥ) ಅಂತ ಹೇಳಿದ ತಕ್ಷಣ ನಂಬ್ಕೊಂಡು ಸುಮ್ಮನಾಗಬೇಡಿ. ನಿಮ್ಮ ಲ್ಯಾಂಡ್‌ಗೆ, ನಿಮ್ಮ ದಿಕ್ಕಿಗೆ, ನೀವು ಸೈನ್ ಹಾಕೋ ಅದೇ ಪ್ಲಾನ್‌ಗೆ ಮಾಡಿರೋ ನ್ಯಾಟ್‌ಹರ್ಸ್ (ಮನೆಗಳಿಗೆ ಈ ಸ್ಟಾರ್ ಕೊಡೋ ಇಲ್ಲಿನ ರಾಷ್ಟ್ರೀಯ ಪದ್ಧತಿ) ಸರ್ಟಿಫಿಕೇಟ್ ಕೈಗೆ ಬರೋವರೆಗೂ ಆ ಸೆವೆನ್ ಸ್ಟಾರ್ ಅನ್ನೋದು ಬರೀ ಬಾಯಿಮಾತು. ನಮ್ಮ ಮನೆ ಕಾನೂನು ಪ್ರಕಾರ ಪಾಸ್ ಆಗಿದೆ, ಬಿಲ್ಡಿಂಗ್ ಪರ್ಮಿಟ್ ಇದೆ, ಎಲ್ಲಾ ಪೇಪರ್ ಸರಿಯಾಗಿದೆ. ಆದ್ರೆ ಬೇಸಿಗೇಲಿ ಮಹಡಿ ಮೇಲಿನ ರೂಮಲ್ಲಿ ಮಲಗಕ್ಕಾಗಲ್ಲ. ಇದು ಹೇಗಾಯ್ತು ಅಂತ ಪೂರ್ತಿ ಬರೀತಿದೀನಿ, ಯಾಕಂದ್ರೆ ಈಗ ಪಶ್ಚಿಮದ ಕಡೆ ಹೊಸ ಎಸ್ಟೇಟ್‌ಗಳಲ್ಲಿ ಲ್ಯಾಂಡ್ ತಗೊಂಡಿರೋ ನಮ್ಮವರು ತುಂಬಾ ಜನ ಇದ್ದಾರೆ, ಇನ್ನೊಬ್ರಿಗೆ ಹೀಗಾಗೋದು ಬೇಡ.

ಮೊದ್ಲು ರೂಲ್ ಏನು ಅಂತ ಹೇಳ್ತೀನಿ. ಎನ್‌ಸಿಸಿ 2022, ಅಂದ್ರೆ ಇಲ್ಲಿನ ನ್ಯಾಷನಲ್ ಕನ್ಸ್ಟ್ರಕ್ಷನ್ ಕೋಡ್, ಹೊಸ ಮನೆಗಳ ಎನರ್ಜಿ ಮಟ್ಟವನ್ನ 6 ಸ್ಟಾರ್‌ನಿಂದ 7 ಸ್ಟಾರ್‌ಗೆ ಏರಿಸ್ತು. ಮೆಲ್ಬರ್ನ್ ಇರೋ ವಿಕ್ಟೋರಿಯಾ ರಾಜ್ಯದಲ್ಲಿ ಇದು 2024ರ ಮೇ 1ರಿಂದ ಕಡ್ಡಾಯ. 7 ಸ್ಟಾರ್ ಮನೆಗೆ ಚಳಿ-ಸೆಕೆ ತಡೆಯೋಕೆ ಬೇಕಾಗೋ ಎನರ್ಜಿ 6 ಸ್ಟಾರ್ ಮನೆಗಿಂತ ಶೇಕಡ 20ರಿಂದ 27ರಷ್ಟು ಕಮ್ಮಿ. ಇದರ ಜೊತೆ ಹೋಲ್ ಆಫ್ ಹೋಮ್ ಅಂತ ಇನ್ನೊಂದು ಲೆಕ್ಕ ಬಂತು, ಎಸಿ, ಬಿಸಿನೀರು, ಲೈಟು, ಸ್ವಿಮ್ಮಿಂಗ್ ಪೂಲ್ ಇದ್ರೆ ಅದರ ಪಂಪು, ಸೋಲಾರ್ ಎಲ್ಲಾ ಸೇರಿಸಿ 100ಕ್ಕೆ ಕನಿಷ್ಠ 60 ಬರಬೇಕು. ಎರಡೂ ಬೇರೆ ಬೇರೆ. ಮೇಲೆ ಎಷ್ಟು ಸೋಲಾರ್ ಪ್ಯಾನೆಲ್ ಹಾಕಿದ್ರೂ ಗೋಡೆ-ಕಿಟಕಿ-ಛಾವಣಿಯ ಸ್ಟಾರ್ ಒಂದು ಚೂರೂ ಮೇಲೆ ಹೋಗಲ್ಲ, ಅದು ಎರಡನೇ ಲೆಕ್ಕಕ್ಕೆ ಮಾತ್ರ. ಇದನ್ನ ನೆನಪಿಟ್ಕೊಳ್ಳಿ, ಯಾಕಂದ್ರೆ ಸೇಲ್ಸ್‌ನವರು "ಸೋಲಾರ್ ಕೊಡ್ತೀವಲ್ಲ ಸರ್" ಅಂತ ಎರಡನ್ನೂ ಕಲಸಿಬಿಡ್ತಾರೆ.

ಆದ್ರೆ ಯಾರೂ ಹೇಳದ ವಿಷ್ಯ ಏನಂದ್ರೆ, 7 ಸ್ಟಾರ್ ಕಡ್ಡಾಯ ಅಂದ್ರೂ ಪಾಸ್ ಮಾಡೋಕೆ ಒಂದೇ ದಾರಿ ಅಲ್ಲ. ಒಂದು ನ್ಯಾಟ್‌ಹರ್ಸ್, ಅಸೆಸರ್ ಒಬ್ರು ನಿಮ್ಮ ಪ್ಲಾನನ್ನ ಫಸ್ಟ್‌ರೇಟ್5 ಅಥವಾ ಬರ್ಸ್ ಪ್ರೊ ಥರದ ಸಾಫ್ಟ್‌ವೇರ್‌ಗೆ ಹಾಕಿ, ನಿಮ್ಮ ಜಾಗದ ಹವಾಮಾನ ತಗೊಂಡು, ವರ್ಷಕ್ಕೆ ಒಂದು ಚದರ ಮೀಟರ್‌ಗೆ ಎಷ್ಟು ಬಿಸಿ ಮಾಡಬೇಕು ಎಷ್ಟು ತಣ್ಣಗೆ ಮಾಡಬೇಕು ಅಂತ ಲೆಕ್ಕ ತೆಗೆದು ಸ್ಟಾರ್ ಕೊಡ್ತಾರೆ. ಎರಡನೇದು ಎಲಿಮೆಂಟಲ್, ಛಾವಣಿ ಇಷ್ಟು ಆರ್ ವ್ಯಾಲ್ಯೂ (ಶಾಖ ತಡೆಯೋ ಶಕ್ತಿಯ ನಂಬರ್), ಗೋಡೆ ಇಷ್ಟು, ಗಾಜು ಇಷ್ಟು ಅಂತ ಟೇಬಲ್ ನೋಡಿ ಒಂದೊಂದೇ ಭಾಗ ಪಾಸ್ ಮಾಡೋದು. ಮೂರನೇದು ವೆರಿಫಿಕೇಶನ್ ಯೂಸಿಂಗ್ ರೆಫರೆನ್ಸ್ ಬಿಲ್ಡಿಂಗ್, ಫೀಲ್ಡಲ್ಲಿ ಎಲ್ರೂ ವರ್ಬ್ ಅಂತಾರೆ. ಇದ್ರಲ್ಲಿ ನಿಮ್ಮ ಮನೇನ ಕಂಪ್ಯೂಟರ್‌ನಲ್ಲಿರೋ ಇನ್ನೊಂದು ಕಾಲ್ಪನಿಕ ಮನೆ ಜೊತೆ ಹೋಲಿಸ್ತಾರೆ, ಆ ಕಾಲ್ಪನಿಕ ಮನೆ ಕೋಡ್‌ನ ಕನಿಷ್ಠ ಟೇಬಲ್ ಪ್ರಕಾರ ಕಟ್ಟಿದ್ದು ಅಂತ ಇಟ್ಕೊಂಡು, ನಿಮ್ಮನೆ ಅದಕ್ಕಿಂತ ಕೆಟ್ಟದಾಗಿಲ್ಲ ಅಂತ ತೋರಿಸಿದ್ರೆ ಮುಗೀತು. ಈ ದಾರೀಲಿ ನಿಮ್ಮ ಮನೆಗೆ ಸ್ಟಾರ್ ಅಂತ ಒಂದು ನಂಬರ್ರೇ ಬರಲ್ಲ. ಇವೆಲ್ಲ ಬಿಟ್ಟು ತಜ್ಞರು ವಾದ ಮಾಡಿ ಬಿಲ್ಡಿಂಗ್ ಪರ್ಮಿಟ್ ಕೊಡೋ ಸರ್ವೇಯರ್‌ನ ಒಪ್ಪಿಸೋ ಪರ್ಫಾರ್ಮೆನ್ಸ್ ಸೊಲ್ಯೂಷನ್ ಅಂತಾನೂ ಇದೆ, ಅದು ಮಾಮೂಲಿ ಮನೆಗಳಿಗೆ ಕಮ್ಮಿ.

ವರ್ಬ್ ಅನ್ನೋದೇ ಮೋಸ ಅಂತ ನಾನು ಹೇಳ್ತಿಲ್ಲ. ಸಾಫ್ಟ್‌ವೇರ್‌ಗೆ ಸರಿಯಾಗಿ ಹೊಂದದ ವಿಚಿತ್ರ ಡಿಸೈನ್ ಇದ್ರೆ ಆ ದಾರಿ ಬೇಕೇ ಬೇಕು. ಆದ್ರೆ ನಮ್ಮದು ಸಾದಾ ಎರಡಂತಸ್ತಿನ ವಾಲ್ಯೂಮ್ ಬಿಲ್ಡರ್ (ಒಂದೇ ಥರದ ಮನೆಗಳನ್ನ ಸಾಲಾಗಿ ಕಟ್ಟೋ ದೊಡ್ಡ ಕಂಪನಿ) ಮನೆ, ಅದಕ್ಕೆ ಆ ದಾರಿ ಹಿಡಿದಿದ್ದು ಡಬಲ್ ಗ್ಲೇಜಿಂಗ್ (ಎರಡು ಪದರದ ಗಾಜು) ಖರ್ಚು ಉಳಿಸೋಕೆ, ಬೇರೆ ಯಾವ ಕಾರಣಕ್ಕೂ ಅಲ್ಲ.

ನಮ್ಮ ಕಥೆ ಹೀಗೆ. ಡಿಸ್‌ಪ್ಲೇ ಹೋಮ್ ನೋಡಿದ್ವಿ, ಗೋಡೆ ಮೇಲೆ ದೊಡ್ಡದಾಗಿ ಸೆವೆನ್ ಸ್ಟಾರ್ ಅಂತ ಬೋರ್ಡ್, ಬ್ರೋಷರ್‌ನಲ್ಲೂ ಅದೇ. ಮನೇಲಿ ಎಲ್ರಿಗೂ ಪೂರ್ವ ದಿಕ್ಕಿನ ಬಾಗಿಲೇ ಬೇಕು ಅಂತ ಆಸೆ, ಅಮ್ಮ ಅಂತೂ ಫೋನಲ್ಲಿ ದಿನಾ ಅದನ್ನೇ ಕೇಳೋರು, ಪುಣ್ಯಕ್ಕೆ ಈಸ್ಟ್ ಫೇಸಿಂಗ್ ಲ್ಯಾಂಡೇ ಸಿಕ್ತು, ತಗೊಂಡ್ವಿ. ಈ ಬಿಲ್ಡರ್‌ಗಳ ಸ್ಟ್ಯಾಂಡರ್ಡ್ ಪ್ಲಾನ್‌ಗಳಲ್ಲಿ ಸಾಮಾನ್ಯವಾಗಿ ಮುಂದೆ ಗರಾಜು, ಹಿಂದೆ ಅಡುಗೆಮನೆ, ಲಿವಿಂಗ್, ಆಲ್ಫ್ರೆಸ್ಕೊ (ಛಾವಣಿ ಇರೋ ಹೊರಜಗಲಿ), ಅಲ್ಲೊಂದು ಗೋಡೆಯಷ್ಟಗಲ ಗಾಜಿನ ಸ್ಲೈಡಿಂಗ್ ಡೋರು. ಬಾಗಿಲು ಪೂರ್ವಕ್ಕೆ ಇದ್ರೆ ಆ ಅಷ್ಟೂ ಗಾಜು ಪಶ್ಚಿಮಕ್ಕೆ ಹೋಗುತ್ತೆ. ಡಿಸ್‌ಪ್ಲೇ ಹೋಮ್‌ನಲ್ಲಿ ಅದೇ ಗಾಜು ಉತ್ತರಕ್ಕಿತ್ತು. ನಮ್ಮೂರಲ್ಲಿ ಮಧ್ಯಾಹ್ನದ ಸೂರ್ಯ ವರ್ಷದ ಹೆಚ್ಚು ದಿನ ದಕ್ಷಿಣಕ್ಕಿರ್ತಾನೆ, ಇಲ್ಲಿ ಯಾವಾಗ್ಲೂ ಉತ್ತರಕ್ಕೆ, ಆದ್ದರಿಂದ ಇಲ್ಲಿ ಉತ್ತರದ ಗಾಜು ಚಿನ್ನ. ಚಳಿಗಾಲದಲ್ಲಿ ತಗ್ಗಿನ ಬಿಸಿಲು ಒಳಗೆ ಬರುತ್ತೆ, ಬೇಸಿಗೇಲಿ ಸೂರ್ಯ ನೆತ್ತಿಗೇರಿದಾಗ ಛಾವಣಿಯ ಅಂಚು ನೆರಳು ಕೊಡುತ್ತೆ. ಪಶ್ಚಿಮದ್ದು ಹಾಗಲ್ಲ, ಸಂಜೆ ಸೂರ್ಯ ಕೆಳಗಿಳಿದು ನೇರ ಒಳಗೆ ನುಗ್ತಾನೆ, ಯಾವ ಛಾವಣಿ ಅಂಚೂ ತಡೆಯಲ್ಲ, ಜನವರೀಲಿ 8 ಗಂಟೆ ದಾಟಿದ್ರೂ ಬಿಸಿಲಿರುತ್ತೆ.

ಹಾಗಂತ ಪೂರ್ವದ ಬಾಗಿಲು ತಪ್ಪು ಅಂತ ಯಾರೂ ಅಂದ್ಕೋಬೇಡಿ. ಅದೇ ಲ್ಯಾಂಡಲ್ಲಿ ಲಿವಿಂಗ್ ರೂಮಿಗೆ ಉತ್ತರದ ಗೋಡೇಲಿ ಕಿಟಕಿ ಕೊಟ್ಟು, ಪಶ್ಚಿಮದ ಗಾಜು ಕಮ್ಮಿ ಮಾಡಿ, ಪ್ಲಾನ್ ಎಡ-ಬಲ ತಿರುಗಿಸಿದ್ರೆ 7 ಸ್ಟಾರ್ ಆರಾಮಾಗಿ ತರಬಹುದಿತ್ತು ಅಂತ ಆಮೇಲೆ ಅಸೆಸರ್ ತೋರಿಸಿದ್ರು. ಅದನ್ನ ಮಾಡೋ ಸಮಯ ಪೇಪರ್ ಮೇಲಿದ್ದಾಗ.

ಕಾಂಟ್ರಾಕ್ಟ್ ಸೈನ್ ಆಗಿ, ಸಾಯಿಲ್ ಟೆಸ್ಟ್ ಎಲ್ಲಾ ಮುಗಿದ ಮೇಲೆ ಬಿಲ್ಡರ್ ಆಫೀಸಿಂದ ಫೋನ್. ನಿಮ್ಮ ಲ್ಯಾಂಡ್ ಮೇಲೆ ಈ ಪ್ಲಾನ್ ರೇಟಿಂಗ್ ಬರ್ತಿಲ್ಲ, ಎರಡು ಆಯ್ಕೆ ಇದೆ, ಒಂದು ಗಾಜು ಮತ್ತೆ ಇನ್ಸುಲೇಶನ್ (ಗೋಡೆ-ಛಾವಣಿ ಒಳಗೆ ಶಾಖ ತಡೆಯೋಕೆ ತುಂಬೋದು) ಅಪ್‌ಗ್ರೇಡ್ ಮಾಡಬೇಕು, ಅದು ವೇರಿಯೇಶನ್, ಅಂದ್ರೆ ಕಾಂಟ್ರಾಕ್ಟ್ ಆದ ಮೇಲಿನ ಬದಲಾವಣೆ, ದುಡ್ಡು ನಿಮ್ಮದು. ಇನ್ನೊಂದು, ಖರ್ಚಿಲ್ಲದೆ ಬೇರೆ ಕಂಪ್ಲಯನ್ಸ್ ಮೆಥಡ್‌ನಲ್ಲಿ ಮಾಡ್ಕೊಡ್ತೀವಿ, ಪರ್ಮಿಟ್ ಬೇಗ ಸಿಗುತ್ತೆ. "ಮನೆಗೇನಾದ್ರೂ ವ್ಯತ್ಯಾಸ ಆಗುತ್ತಾ?" ಅಂತ ನಾನು ನೇರವಾಗೇ ಕೇಳ್ದೆ. "ಏನೂ ಇಲ್ಲ, ಕೋಡ್ ಅದೇ, ಮಟ್ಟ ಅದೇ, ಲೆಕ್ಕ ಹಾಕೋ ರೀತಿ ಮಾತ್ರ ಬೇರೆ" ಅಂದ್ರು. ಈ ಉತ್ತರ ಬರವಣಿಗೇಲಿ ಕೊಡಿ ಅಂದ್ರೆ ಕೊಡಲಿಲ್ಲ, ಒಂದು ಫಾರ್ಮ್ ಬಂತು ಅಷ್ಟೆ, ಅದ್ರಲ್ಲಿ ಎನ್‌ಸಿಸಿ ಕಂಪ್ಲಯನ್ಸ್ ಆಲ್ಟರ್ನೇಟಿವ್ ಅಸೆಸ್‌ಮೆಂಟ್ ಮೂಲಕ ಅಂತ ಒಂದು ಸಾಲು, ಅಂದ್ರೆ ಮೇಲೆ ಹೇಳಿದ ವರ್ಬ್. ಆಗ ಬಾಡಿಗೆ ಮನೆ ಲೀಸ್ ಮುಗೀತಾ ಬಂದಿತ್ತು, ಲ್ಯಾಂಡ್ ಲೋನಿನ ಬಡ್ಡಿ ಓಡ್ತಿತ್ತು, ಒಪ್ಕೊಂಡ್ಬಿಟ್ವಿ. ಇಂಥ ಟೈಮಲ್ಲೇ ಈ ಫೋನ್ ಬರುತ್ತೆ ಅನ್ನೋದನ್ನ ಗಮನಿಸಿ, ನನಗೆ ಇದು ಕಾಕತಾಳೀಯ ಅನ್ಸಲ್ಲ.

ಮನೆಗೆ ಬಂದ ಮೇಲೆ ಮೊದಲ ಬೇಸಿಗೆ. 40 ಡಿಗ್ರಿ ದಾಟಿದ ದಿನ ಸಂಜೆ ಲಿವಿಂಗ್ ರೂಮಲ್ಲಿ ಕೂರಕ್ಕಾಗ್ತಿರಲಿಲ್ಲ, ಕರ್ಟನ್ ಎಳೆದ್ರೂ ಪ್ರಯೋಜನ ಇಲ್ಲ, ಯಾಕಂದ್ರೆ ಬಿಸಿಲು ಗಾಜು ದಾಟಿ ಒಳಗೆ ಬಂದಾಗಿದೆ, ಕರ್ಟನ್ನೇ ಕಾದು ರೂಮಿಗೆ ಶಾಖ ಬಿಡುತ್ತೆ. ಮೇಲಿನ ಪಶ್ಚಿಮದ ರೂಮಲ್ಲಿ ಊರಿಂದ ಬಂದಿದ್ದ ಅತ್ತೆ-ಮಾವ ಇದ್ರು, ಮಾವನಿಗೆ ಬಿಪಿ ಬೇರೆ, ರಾತ್ರಿ ಅವರನ್ನ ಕೆಳಗೆ ಹಾಲ್‌ನಲ್ಲಿ ಮಲಗಿಸಿದ್ವಿ. ಎಸಿ ಬೆಳಗಿನ ಜಾವದವರೆಗೂ ನಿಲ್ಲದೆ ಓಡ್ತು. ಚಳಿಗಾಲದಲ್ಲಿ ಉಲ್ಟಾ, ಸಿಂಗಲ್ ಗ್ಲೇಜ್ ಅಲ್ಯೂಮಿನಿಯಂ ಕಿಟಕಿ ಮೇಲೆ ಬೆಳಿಗ್ಗೆ ನೀರು ಇಳೀತಿರುತ್ತೆ, ಒರೆಸೋದೇ ಒಂದು ಕೆಲಸ, ಹೀಟಿಂಗ್ ಆಫ್ ಮಾಡಿದ ಸ್ವಲ್ಪ ಹೊತ್ತಿಗೇ ಮನೆ ತಣ್ಣಗೆ. ಆ ಥರದ ಕಿಟಕಿಯ ಯು ವ್ಯಾಲ್ಯೂ 6ರ ಆಸುಪಾಸು ಇರುತ್ತೆ, ಡಬಲ್ ಗ್ಲೇಜ್ ಯುಪಿವಿಸಿ (ಪ್ಲಾಸ್ಟಿಕ್ ಫ್ರೇಮ್) ಆದ್ರೆ 3ಕ್ಕಿಂತ ಕೆಳಗೆ ಬರುತ್ತೆ. ಯು ವ್ಯಾಲ್ಯೂ ಕಮ್ಮಿ ಇದ್ದಷ್ಟೂ ಶಾಖ ಕಮ್ಮಿ ಸೋರುತ್ತೆ.

ಬಿಲ್ಡರ್‌ಗೆ ಬರೆದ್ರೆ ಮನೆ ಕಂಪ್ಲಯಂಟ್, ಡಿಫೆಕ್ಟ್ ಅಲ್ಲ ಅಂತ ಉತ್ತರ. ನಾವೇ ಬೇರೆ ಅಕ್ರೆಡಿಟೆಡ್ ಅಸೆಸರ್‌ನ ಹಿಡಿದು ಅದೇ ಪ್ಲಾನನ್ನ ನ್ಯಾಟ್‌ಹರ್ಸ್‌ಗೆ ಹಾಕಿಸಿದ್ವಿ. 5.6 ಸ್ಟಾರ್. ಬ್ರೋಷರ್‌ನಲ್ಲಿ 7, ನಮ್ಮನೇಲಿ 5.6, ಹಳೇ 6 ಸ್ಟಾರ್ ರೂಲಿಗೂ ಕೆಳಗೆ. ಆ ಅಸೆಸರ್ ಹೆಣ್ಮಗಳು ತುಂಬಾ ತಾಳ್ಮೆಯಿಂದ ಎಲ್ಲಾ ವಿವರಿಸಿದ್ರು, ಅವರಿಗೆ ನಾನು ಋಣಿ. ವಕೀಲರಿಗೆ ಕಾಂಟ್ರಾಕ್ಟ್ ತೋರಿಸಿದಾಗ ಅವರು ಹೇಳಿದ್ದು, ಕಾಂಟ್ರಾಕ್ಟಲ್ಲಿ ಎನ್‌ಸಿಸಿ ಪ್ರಕಾರ ಕಟ್ಟಿಕೊಡ್ತೀವಿ ಅಂತಿದೆಯೇ ಹೊರತು ನ್ಯಾಟ್‌ಹರ್ಸ್ 7 ಸ್ಟಾರ್ ಅಂತ ಎಲ್ಲೂ ಇಲ್ಲ, ಬ್ರೋಷರ್ ಹಿಡ್ಕೊಂಡು ಹೋರಾಡಬಹುದು, ಆದ್ರೆ ಖರ್ಚು ಮತ್ತೆ ಟೈಮ್ ಯೋಚನೆ ಮಾಡಿ ಅಂತ.

ಅದಕ್ಕೇ ನನ್ನ ಒಂದೇ ಬೇಡಿಕೆ, ಕಾಂಟ್ರಾಕ್ಟ್ ಒಳಗೆ ಈ ಸಾಲು ಬರೆಸಿ: ನಮ್ಮ ಲಾಟ್ ನಂಬರ್ ಮತ್ತೆ ನಿಜವಾದ ದಿಕ್ಕಿಗೆ ನ್ಯಾಟ್‌ಹರ್ಸ್ ಮೂಲಕ ಕನಿಷ್ಠ 7 ಸ್ಟಾರ್, ಹೋಲ್ ಆಫ್ ಹೋಮ್ ಕನಿಷ್ಠ 60, ನಮ್ಮ ಲಿಖಿತ ಒಪ್ಪಿಗೆ ಇಲ್ಲದೆ ಬೇರೆ ದಾರಿ ಇಲ್ಲ, ರೇಟಿಂಗ್ ಬರೋಕೆ ಬೇಕಾದ ಬದಲಾವಣೆಯ ಖರ್ಚು ಈ ಬೆಲೆಯಲ್ಲೇ ಸೇರಿದೆ. ಬಿಲ್ಡರ್ ಒಪ್ಪಲ್ಲ ಅಂದ್ರೆ ಕೊನೇಪಕ್ಷ ಪ್ರಿಲಿಮಿನರಿ ರೇಟಿಂಗ್ ಸೈನ್‌ಗೆ ಮುಂಚೆ ಮಾಡ್ಸಿ ಕೊಡಿ ಅನ್ನಿ, ಅದೂ ಇಲ್ಲ ಅಂದ್ರೆ ನೀವೇ ಅಸೆಸರ್ ಹತ್ರ ಮಾಡಿಸಿ. ಕೆಲವು ನೂರು ಡಾಲರ್ ಆಗುತ್ತೆ, ಮನೆ ಬೆಲೆ ಮುಂದೆ ಅದು ಏನೂ ಅಲ್ಲ. ಆಗ್ಲೇ ಸೈನ್ ಹಾಕಿ ಬಿಟ್ಟಿದ್ರೆ, ವಿಕ್ಟೋರಿಯಾದಲ್ಲಿ ಸೈನ್ ಆದ ಕಾಂಟ್ರಾಕ್ಟ್ ಕಾಪಿ ಕೈಗೆ ಬಂದ ಮೇಲೆ ಸಾಮಾನ್ಯವಾಗಿ 5 ಬಿಸಿನೆಸ್ ದಿನಗಳ ಕೂಲಿಂಗ್ ಆಫ್ (ಕಾಂಟ್ರಾಕ್ಟ್‌ನಿಂದ ಹಿಂದೆ ಸರಿಯೋ ಅವಕಾಶ) ಇರುತ್ತೆ, ಅಷ್ಟರೊಳಗೆ ವಕೀಲರ ಹತ್ರ ಓಡಿ.

ಸರ್ಟಿಫಿಕೇಟ್ ಬಂದಾಗ ಸ್ಟಾರ್ ನಂಬರ್ ಮಾತ್ರ ನೋಡಿ ಮಡಚಿ ಇಡಬೇಡಿ. ಮೊದ್ಲು ಅಡ್ರೆಸ್, ಉತ್ತರದ ಬಾಣದ ಗುರುತು ನಿಮ್ಮ ಸೈಟ್ ಪ್ಲಾನ್ ಜೊತೆ ತಾಳೆ ಆಗುತ್ತಾ ನೋಡಿ. ಹೀಟಿಂಗ್ ಲೋಡ್, ಕೂಲಿಂಗ್ ಲೋಡ್ ಅಂತ ಬೇರೆ ಬೇರೆ ನಂಬರ್ ಇರುತ್ತೆ, ಒಟ್ಟು ಸ್ಟಾರ್ ಚೆನ್ನಾಗಿದ್ರೂ ಕೂಲಿಂಗ್ ಜಾಸ್ತಿ ಇದ್ರೆ ಯಾವ ಕಿಟಕಿಯಿಂದ ಅಂತ ಕೇಳಿ. ಪ್ರತಿ ಕಿಟಕಿಗೂ ಐಡಿ, ಯು ವ್ಯಾಲ್ಯೂ, ಎಸ್‌ಎಚ್‌ಜಿಸಿ, ಅಂದ್ರೆ ಬಿಸಿಲಿನ ಶಾಖ ಎಷ್ಟು ಒಳಗೆ ಬಿಡುತ್ತೆ ಅನ್ನೋ ನಂಬರ್ ಬರೆದಿರುತ್ತೆ, ಸೈಟಿಗೆ ಬಂದ ಕಿಟಕಿಯ ಸ್ಟಿಕ್ಕರ್ ಜೊತೆ ಅದನ್ನ ಹೋಲಿಸಿ ನೋಡಿ. ಬೇರೆ ಕಂಪನಿ ಕಿಟಕಿ ಹಾಕಿದ್ರೆ ಯು ವ್ಯಾಲ್ಯೂ ಬರೆದಿದ್ದಕ್ಕಿಂತ ಜಾಸ್ತಿ ಇರಬಾರದು, ಎಸ್‌ಎಚ್‌ಜಿಸಿ ಆಚೆ ಈಚೆ ಶೇಕಡ 5ರೊಳಗೆ ಇರಬೇಕು. ಛಾವಣಿ ಬಣ್ಣನೂ ಅದ್ರಲ್ಲಿರುತ್ತೆ. ಕಲರ್ ಸೆಲೆಕ್ಷನ್‌ನಲ್ಲಿ ಆಮೇಲೆ ಚೆಂದ ಅಂತ ಕಡು ಬೂದು ಆರಿಸಿದ್ರೆ ಲೆಕ್ಕ ಬದಲಾಗುತ್ತೆ, ಡೌನ್‌ಲೈಟ್ (ಸೀಲಿಂಗ್ ಒಳಗೆ ಕೂರಿಸೋ ಲೈಟು) ಜಾಸ್ತಿ ಹಾಕಿಸಿದ್ರೂ ಅಷ್ಟೆ, ಸೀಲಿಂಗ್ ಇನ್ಸುಲೇಶನ್‌ನಲ್ಲಿ ತೂತು ಬೀಳಬಹುದು.

ನಮ್ಮನೇಲಿ ಈಗ ಪಶ್ಚಿಮದ ಗಾಜಿಗೆಲ್ಲ ಹೊರಗಡೆಯಿಂದ ಬ್ಲೈಂಡ್ ಹಾಕಿಸ್ತಿದೀವಿ, ಬಿಸಿಲನ್ನ ಗಾಜಿಗೆ ಮುಟ್ಟೋ ಮುಂಚೆ ತಡೆಯೋದೊಂದೇ ನಿಜವಾದ ಪರಿಹಾರ. ಮೇಲಿನ ರೂಮಿಗೆ ಸೀಲಿಂಗ್ ಫ್ಯಾನ್ ಬಂದಿದೆ. ಡಬಲ್ ಗ್ಲೇಜಿಂಗ್ ಈಗ ಮಾಡಿಸೋಕೆ ಹೋದ್ರೆ ಅವತ್ತು ಬಿಲ್ಡರ್ ಕೇಳಿದ್ದ ವೇರಿಯೇಶನ್‌ಗಿಂತ ಎಷ್ಟೋ ಪಟ್ಟು ಆಗುತ್ತೆ, ಯಾಕಂದ್ರೆ ಫ್ರೇಮ್ ಸಮೇತ ಕಿತ್ತು ಹಾಕಬೇಕು.

ಇನ್ನೊಂದು ವಿಷ್ಯ, ಸರ್ಟಿಫಿಕೇಟ್ ಅನ್ನೋದು ಡಿಸೈನ್‌ಗೆ ಕೊಡೋದು, ಕಟ್ಟಿದ ಮನೆಗಲ್ಲ. ಪ್ಲಾಸ್ಟರ್‌ಬೋರ್ಡ್ ಮುಚ್ಚೋ ಮುಂಚೆ ಸೈಟಿಗೆ ಹೋಗೋಕೆ ಪರ್ಮಿಶನ್ ತಗೊಂಡು ಪ್ರತಿ ಗೋಡೆ, ಮೂಲೆ, ಕಿಟಕಿ ಸುತ್ತ, ಸ್ವಿಚ್ ಬಾಕ್ಸ್ ಹಿಂದೆ ಬ್ಯಾಟ್ಸ್ (ಇನ್ಸುಲೇಶನ್ ತುಂಡುಗಳು) ಹೇಗೆ ಕೂರ್ಸಿದ್ದಾರೆ ಅಂತ ಫೋಟೋ ತೆಗೀರಿ. ಗ್ಯಾಪ್ ಇದ್ರೆ, ಇಲ್ಲಾ ಬ್ಯಾಟ್ಸ್ ತುರುಕಿ ಅಮುಕಿದ್ರೆ ಪ್ಯಾಕೆಟ್ ಮೇಲೆ ಬರೆದಿರೋ ಆರ್ ವ್ಯಾಲ್ಯೂ ಸಿಗಲ್ಲ. ಫೋಟೋ ಸಮೇತ ಅವತ್ತೇ ಇಮೇಲ್ ಮಾಡಿ ಸರಿ ಮಾಡಿಸಿ, ಬೋರ್ಡ್ ಹೊಡೆದ ಮೇಲೆ ಒಳಗೇನಿದೆ ಅಂತ ಯಾರೂ ತೆಗೆದು ತೋರಿಸಲ್ಲ.