‘ಶೂನ್ಯ ಬಡ್ಡಿ’ಯ ಕಂತು ಮತ್ತು ಅದರ ಬೆನ್ನಿಗೆ ಬಂದ ಎರಡು ವಿಮೆಗಳು

ವೃತ್ತಿಗೆ ಬೇಕಾದ ಲ್ಯಾಪ್‌ಟಾಪೊಂದನ್ನು ಕಳೆದ ವರ್ಷ ಹನ್ನೆರಡು ತಿಂಗಳ ಕಂತಿನಲ್ಲಿ ಕೊಂಡೆ. ಕೊನೆಯ ಕಂತು ತೀರಿದ ಮೇಲೆ ಎಲ್ಲ ಕಾಗದಗಳನ್ನೂ ಎದುರಿಗಿಟ್ಟುಕೊಂಡು ಲೆಕ್ಕ ಹಾಕಿದ್ದರಿಂದ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಇಲ್ಲಿ ನಾನು ಅಳೆಯುತ್ತಿರುವುದು ಯಂತ್ರವನ್ನಲ್ಲ, ಅದರೊಂದಿಗೆ ಕೊಂಡ ಮೂರು ಸೇವೆಗಳನ್ನು: ಕಂತಿನ ಸಾಲ, ಯಂತ್ರದ ವಿಮೆ, ಸಾಲ ರಕ್ಷಣೆಯ ವಿಮೆ. ಈ ಮೂರೂ ಒಂದೇ ಸಹಿಯಲ್ಲಿ, ಒಂದೇ ಮಾಸಿಕ ಮೊತ್ತದಲ್ಲಿ ಬಂದವು; ಆದ್ದರಿಂದ ಯಾವುದಕ್ಕೆ ಎಷ್ಟು ತೆತ್ತೆ ಎಂಬುದು ಬಹುಕಾಲ ನನಗೇ ತಿಳಿದಿರಲಿಲ್ಲ.

ಲೆಕ್ಕ ಸರಳವಾಗಲೆಂದು ಯಂತ್ರದ ನಮೂದಿತ ಬೆಲೆಯನ್ನು 100 ಎಂದು ಹಿಡಿಯುತ್ತೇನೆ. ಪೂರ್ತಿ ಹಣವನ್ನು ಒಮ್ಮೆಗೇ ಕೊಡುವವರಿಗೆ ಅದು 95ಕ್ಕೆ ಸಿಗುತ್ತಿತ್ತು. ಕಂತಿನಲ್ಲಿ ಕೊಂಡವರಿಗೆ ಆ ರಿಯಾಯಿತಿ ಇಲ್ಲ. ಮೇಲಾಗಿ ಪ್ರೊಸೆಸಿಂಗ್ ಶುಲ್ಕವೆಂದು 2ನ್ನು ಮೊದಲೇ ಕಟ್ಟಬೇಕು. ಯಂತ್ರದ ವಿಮೆಗೆ 8, ಸಾಲ ರಕ್ಷಣೆಯ ವಿಮೆಗೆ 4 ಸೇರಿ ಕಂತುಗಳ ಒಟ್ಟು ಮೊತ್ತ 112 ಆಯಿತು. ಅಂದರೆ 95ಕ್ಕೆ ದೊರೆಯುತ್ತಿದ್ದ ವಸ್ತುವಿಗೆ ನಾನು ತೆತ್ತದ್ದು 114. ರಸೀದಿಯಲ್ಲಿ ಬಡ್ಡಿಯ ಅಂಕಣದಲ್ಲಿ ಸೊನ್ನೆಯೇ ಇತ್ತು.

ಆ 19ರ ವ್ಯತ್ಯಾಸದಲ್ಲಿ ವಿಮೆಗಳ 12ನ್ನು ಬಿಟ್ಟರೆ, ಕೈತಪ್ಪಿದ ರಿಯಾಯಿತಿ 5 ಮತ್ತು ಶುಲ್ಕ 2 ಸೇರಿ ಸಾಲದ ನಿಜವಾದ ಬೆಲೆ 7. ಅದು ಚಿಕ್ಕದೆಂದು ತೋರಬಹುದು. ಆದರೆ ಸಾಲದ ಹಣ ವರ್ಷವಿಡೀ ಪೂರ್ತಿಯಾಗಿ ನಮ್ಮ ಬಳಿ ಇರುವುದಿಲ್ಲ, ತಿಂಗಳು ತಿಂಗಳೂ ಕರಗುತ್ತ ಹೋಗುತ್ತದೆ. ಉಳಿದ ಬಾಕಿಯ ಮೇಲೆ ಎಣಿಸಿದರೆ ಇದು ವರ್ಷಕ್ಕೆ ಸುಮಾರು ಶೇ. 13.6ರ ಬಡ್ಡಿಗೆ ಸಮ. ಇದೇ ಕಾರಣಕ್ಕೆ ‘ಫ್ಲ್ಯಾಟ್ ದರ’ ಎಂಬ ಮಾತನ್ನೂ ಎಚ್ಚರದಿಂದ ಕೇಳಿಸಿಕೊಳ್ಳಬೇಕು: ಒಂದು ವರ್ಷದ ಕಂತಿನ ಸಾಲಕ್ಕೆ ಮೊದಲ ಅಸಲಿನ ಮೇಲೆ ಶೇ. 12 ಎಂದು ಹೇಳಿದರೆ, ಇಳಿಯುವ ಬಾಕಿಯ ಮೇಲೆ ಅದು ಶೇ. 21ನ್ನು ದಾಟುತ್ತದೆ.

ಇಷ್ಟಾದರೂ ಸಾಲದ ಭಾಗವನ್ನು ನಾನು ದೂರುವುದಿಲ್ಲ. ಯಂತ್ರವಿಲ್ಲದೆ ನನ್ನ ಕೆಲಸ ನಡೆಯುತ್ತಿರಲಿಲ್ಲ, ಮತ್ತು ಅದು ಮನೆಗೆ ಬಂದ ಮೊದಲ ತಿಂಗಳಿನಿಂದಲೇ ತನ್ನ ಕಂತನ್ನು ತಾನೇ ದುಡಿಯಿತು. 1856ರಲ್ಲಿ ಸಿಂಗರ್ ಕಂಪನಿಯ ಎಡ್ವರ್ಡ್ ಕ್ಲಾರ್ಕ್ ಹೊಲಿಗೆ ಯಂತ್ರಗಳನ್ನು ಕಂತಿನ ಮೇಲೆ ಕೊಡಲು ಆರಂಭಿಸಿದಾಗಲೂ ಕೊಳ್ಳುವವರ ಪಾಲಿಗೆ ಇದ್ದ ಆಕರ್ಷಣೆ ಇದೇ: ಪೂರ್ತಿ ಬೆಲೆ ತೀರುವ ಮೊದಲೇ ಯಂತ್ರ ಬಟ್ಟೆ ಹೊಲಿದು ಹಣ ತರಬಲ್ಲದು. ದುಡಿಯುವ ವಸ್ತುವಿಗೆ, ಅಥವಾ ಕಂತು ಮುಗಿದ ಮೇಲೂ ಬಹುಕಾಲ ಬಾಳುವ ವಸ್ತುವಿಗೆ, 7ನ್ನು ಹೆಚ್ಚು ಕೊಡುವುದರಲ್ಲಿ ಅರ್ಥವಿದೆ. ಇದೇ ಖರೀದಿಯನ್ನು ಕ್ರೆಡಿಟ್ ಕಾರ್ಡಿನಲ್ಲಿ ಮಾಡಿ, ತಿಂಗಳಿಗೆ ಶೇ. 3ರ ಬಡ್ಡಿಯಲ್ಲಿ ಬಾಕಿಯ ಶೇ. 5ರಷ್ಟು ಕನಿಷ್ಠ ಮೊತ್ತವನ್ನು ಮಾತ್ರ ಕಟ್ಟುತ್ತ ಹೋಗಿದ್ದರೆ, ಪ್ರತಿ 100ರ ಸಾಲಕ್ಕೆ ವರ್ಷದಲ್ಲಿ 55ನ್ನು ಕಟ್ಟಿದ ಮೇಲೂ 77 ಬಾಕಿ ಉಳಿಯುತ್ತಿತ್ತು. ಅದಕ್ಕೆ ಹೋಲಿಸಿದರೆ, ಮುಗಿಯುವ ದಿನ ಮೊದಲೇ ಗೊತ್ತಿರುವ ಕಂತು ಎಷ್ಟೋ ಮೇಲು.

ಯಂತ್ರದ ವಿಮೆಯ ವಿಷಯ ಇಷ್ಟು ನೇರವಲ್ಲ. ಒಂಬತ್ತನೆಯ ತಿಂಗಳಲ್ಲಿ ಯಂತ್ರ ಕೈಜಾರಿ ಬಿದ್ದು ಅದರ ಪರದೆ ಒಡೆಯಿತು. ದುರಸ್ತಿಗೆ 30 ತಗುಲಿತು. ಬಿಡಿಭಾಗದ ಸವಕಳಿಯೆಂದು ಶೇ. 25ನ್ನೂ, ನಾನೇ ಭರಿಸಬೇಕಾದ ಪಾಲೆಂದು 5ನ್ನೂ ಕಳೆದು, ಐದು ವಾರಗಳ ಪತ್ರವ್ಯವಹಾರದ ನಂತರ 17.5 ನನ್ನ ಕೈಸೇರಿತು. 8 ಕೊಟ್ಟು 17.5 ಪಡೆದವನು ವಿಮೆಯನ್ನು ಹೊಗಳಬೇಕೆಂದು ಓದುಗರು ನಿರೀಕ್ಷಿಸಬಹುದು. ನಾನು ಹಾಗೆ ಮಾಡಲಾರೆ, ಏಕೆಂದರೆ ವಿಮೆಯ ಮೌಲ್ಯವನ್ನು ಒಬ್ಬನಿಗೆ ಆದ ಒಂದು ಅವಘಡದಿಂದ ಅಳೆಯಲಾಗದು. ಯಂತ್ರ ಸಂಪೂರ್ಣ ನಾಶವಾದರೂ ಸವಕಳಿ ಮತ್ತು ನನ್ನ ಪಾಲು ಕಳೆದು ಸಿಗುತ್ತಿದ್ದುದು 70. ವರ್ಷಕ್ಕೆ 8ರ ಪ್ರೀಮಿಯಂ ಸರಿದೂಗಬೇಕಾದರೆ ಅಂಥ ಸಂಪೂರ್ಣ ನಾಶ ಸರಾಸರಿ ಸುಮಾರು ಒಂಬತ್ತು ವರ್ಷಕ್ಕೊಮ್ಮೆಯಾದರೂ ಸಂಭವಿಸಬೇಕು. ಇಷ್ಟು ವರ್ಷಗಳ ವೃತ್ತಿಯಲ್ಲಿ ನನ್ನ ಒಂದು ಯಂತ್ರವೂ ಹಾಗೆ ನಾಶವಾಗಿಲ್ಲ.

ವಿಮೆಯೆಂಬುದು ಹಲವರ ಹಣವನ್ನು ಒಟ್ಟುಗೂಡಿಸಿ ನಷ್ಟಕ್ಕೊಳಗಾದ ಕೆಲವರಿಗೆ ಕೊಡುವ ಏರ್ಪಾಡು. ಮಾರುವವರ ಕಮಿಷನ್, ಕಚೇರಿಯ ಖರ್ಚು, ಕಂಪನಿಯ ಲಾಭ ಇವೆಲ್ಲವೂ ಅದೇ ಪ್ರೀಮಿಯಂನಿಂದಲೇ ಹೋಗಬೇಕಾದ್ದರಿಂದ, ಸೇರಿದವರೆಲ್ಲರೂ ಒಟ್ಟಾಗಿ ಕಟ್ಟುವುದಕ್ಕಿಂತ ಒಟ್ಟಾಗಿ ಪಡೆಯುವುದು ಕಡಿಮೆಯೇ ಇರುತ್ತದೆ. ಇದರಲ್ಲಿ ಮೋಸವೇನೂ ಇಲ್ಲ. ಮನೆ ಸುಟ್ಟರೆ, ದುಡಿಯುವವರು ತೀರಿಕೊಂಡರೆ, ದೊಡ್ಡ ಕಾಯಿಲೆ ಬಂದರೆ ಕುಟುಂಬವೊಂದು ಮತ್ತೆ ಮೇಲೇಳಲಾರದಂತೆ ಕುಸಿಯಬಹುದು. ಅದನ್ನು ತಡೆಯಲು ಸ್ವಲ್ಪ ಹೆಚ್ಚು ಕೊಡುವುದು ತಕ್ಕ ಬೆಲೆಯೇ. ಒಡೆದ ಪರದೆ ಆ ಸಾಲಿಗೆ ಸೇರುವುದಿಲ್ಲ. ಆ 30ನ್ನು ನಾನು ಕಷ್ಟಪಟ್ಟಾದರೂ ಕೈಯಿಂದಲೇ ಕೊಡಬಲ್ಲವನಾಗಿದ್ದೆ.

ನನಗೆ ನಿಜವಾಗಿ ನೋವಾದದ್ದು ಮೂರನೆಯದರಿಂದ. ಅರ್ಜಿಯಲ್ಲಿ ಸಾಲ ರಕ್ಷಣೆಯ ವಿಮೆಯ ಚೌಕಕ್ಕೆ ಮೊದಲೇ ಗುರುತು ಹಾಕಲಾಗಿತ್ತು, ಮತ್ತು ಅಂಗಡಿಯವರು ಅದನ್ನು ಓದಿ ಹೇಳಲಿಲ್ಲ. ನಾನೂ ಓದದೆ ಸಹಿ ಮಾಡಿದೆ. ಮೂರನೆಯ ತಿಂಗಳಲ್ಲಿ ಪಾಲಿಸಿಯನ್ನು ಬಿಡಿಸಿ ನೋಡಿದಾಗ, ಅದು ರಕ್ಷಿಸುವುದು ಸಂಬಳದ ಕೆಲಸ ಕಳೆದುಕೊಂಡವರನ್ನು ಮಾತ್ರ ಎಂಬುದು ತಿಳಿಯಿತು. ನಾನು ಸ್ವತಂತ್ರವಾಗಿ ದುಡಿಯುವವನು. ಅರ್ಜಿಯ ವೃತ್ತಿಯ ಸಾಲಿನಲ್ಲೂ ಹಾಗೆಂದೇ ಬರೆದುಕೊಟ್ಟಿದ್ದೆ. ಅಂದರೆ ನನಗೆ ಏನೇ ಆದರೂ ಆ ವಿಮೆ ಒಂದು ಕಾಸನ್ನೂ ಕೊಡುವಂತಿರಲಿಲ್ಲ. ರದ್ದುಪಡಿಸಲು ಕೇಳಿದಾಗ, ಅದಕ್ಕಿದ್ದ ಅವಧಿ ಮುಗಿದಿದೆ ಎಂಬ ಉತ್ತರ ಬಂದಿತು.

ಇದು ನನ್ನೊಬ್ಬನ ಅನುಭವವಲ್ಲ. ಬ್ರಿಟನ್ನಿನಲ್ಲಿ ಇಂಥದೇ ವಿಮೆಯನ್ನು ಸಾಲದೊಂದಿಗೆ ಸೇರಿಸಿ, ಅದರ ಪ್ರಯೋಜನ ಪಡೆಯಲು ಅರ್ಹತೆಯೇ ಇಲ್ಲದ ಸ್ವಂತ ಉದ್ಯೋಗಿಗಳಿಗೂ ನಿವೃತ್ತರಿಗೂ ಮಾರಿದ್ದು ದೊಡ್ಡ ಹಗರಣವಾಯಿತು. ದೂರು ಸಲ್ಲಿಸಲು 2019ರ ಆಗಸ್ಟ್ 29 ಕೊನೆಯ ದಿನವಾಗಿತ್ತು. ಬ್ಯಾಂಕುಗಳು ಗ್ರಾಹಕರಿಗೆ ಕೊಡಬೇಕಾಗಿ ಬಂದ ಪರಿಹಾರ 3,800 ಕೋಟಿ ಪೌಂಡ್‌ಗಳನ್ನು ದಾಟಿತು. ಸಾಲ ಕೊಡುವ ಗಳಿಗೆಯಲ್ಲೇ ಆ ವಿಮೆಯನ್ನು ಮಾರುವುದನ್ನು ಅಲ್ಲಿ ನಿಷೇಧಿಸಲಾಯಿತು, ಮತ್ತು ನನ್ನ ದೃಷ್ಟಿಯಲ್ಲಿ ಅದೇ ಸರಿಯಾದ ಮದ್ದು: ವಸ್ತು ಬೇಕೆಂಬ ಆತುರದಲ್ಲಿರುವವರಿಗೆ ಪಾಲಿಸಿಯ ಷರತ್ತುಗಳನ್ನು ತೂಗಿನೋಡುವ ವ್ಯವಧಾನ ಇರುವುದಿಲ್ಲ.

ಸಾಲಕ್ಕೆ ಐದರಲ್ಲಿ ನಾಲ್ಕು ಅಂಕ, ಯಂತ್ರದ ವಿಮೆಗೆ ಎರಡು ಅಂಕ ಕೊಡುತ್ತೇನೆ. ಸಾಲ ರಕ್ಷಣೆಯ ವಿಮೆಗೆ ಒಂದನ್ನೂ ಕೊಡಲಾರೆ. ಯಂತ್ರದ ವಿಮೆಯ ನವೀಕರಣದ ಸೂಚನೆ ಕಳೆದ ವಾರ ಬಂದಿದೆ. ಪ್ರೀಮಿಯಂ ಮೊದಲಿನಂತೆ 8. ಸವಕಳಿ ಮಾತ್ರ ಎರಡನೆಯ ವರ್ಷಕ್ಕೆ ಶೇ. 40ಕ್ಕೆ ಏರಿದೆ, ಅಂದರೆ ಈಗ ಸಿಗಬಹುದಾದ ಗರಿಷ್ಠ ಮೊತ್ತ 55. ನಾನು ನವೀಕರಿಸಿಲ್ಲ. ಆ 8ನ್ನು ದುರಸ್ತಿಗೆಂದೇ ತೆರೆದ ಬೇರೊಂದು ಉಳಿತಾಯ ಖಾತೆಗೆ ಹಾಕಿದ್ದೇನೆ.