ಲಿಕ್ವಿಡ್ ಟೆಂಪ್ಲೇಟ್ ಭಾಷೆ: ‘ವೈಲ್’ ಇಲ್ಲದೆ ಇಷ್ಟು ವರ್ಷ

ಪಠ್ಯ ಕಡತಗಳಿಂದ ಜಾಲತಾಣ ಕಟ್ಟಿಕೊಡುವ ತಂತ್ರಾಂಶವಾದ ಜೆಕಿಲ್‌ನಲ್ಲಿ ಕಟ್ಟಿದ ಸಣ್ಣಕಥೆಗಳ ಜಾಲತಾಣವೊಂದನ್ನು ನೋಡಿಕೊಳ್ಳುತ್ತಿರುವ ನನಗೆ, ಪುಟಗಳ ಅಚ್ಚನ್ನು (ಟೆಂಪ್ಲೇಟ್) ಬರೆಯಲು ಬಳಸುವ ಲಿಕ್ವಿಡ್ ನಿತ್ಯದ ಭಾಷೆ. ಸರ್ವರ್ ಬಾಡಿಗೆಗೆ ಹಣ ತೆಗೆದಿಡಲಾಗದ್ದರಿಂದ ಉಚಿತ ಹೋಸ್ಟಿಂಗನ್ನೇ ನೆಚ್ಚಿಕೊಂಡಿದ್ದೇನೆ.

ಈ ಭಾಷೆಯಲ್ಲಿ ನನ್ನನ್ನು ಬಹಳ ಕಾಡಿದ್ದು ಒಂದೇ ಕೊರತೆ: ಷರತ್ತು ಮುರಿಯುವವರೆಗೆ ಸುತ್ತುವ ‘ವೈಲ್’ ಲೂಪ್ (ಒಂದೇ ಕೆಲಸವನ್ನು ಮರಳಿ ಮರಳಿ ಮಾಡಿಸುವ ಆದೇಶ) ಇಲ್ಲಿಲ್ಲ, ಇರುವುದು ಪಟ್ಟಿಯ ಒಂದೊಂದು ಅಂಶವನ್ನೇ ಹಿಡಿದು ಸುತ್ತುವ ‘ಫಾರ್’ನಂಥವು ಮಾತ್ರ. ಮುಖಪುಟದಲ್ಲಿ ಒಂದು ಸಂಜೆಯ ಓದಿಗೆ ಸಾಲುವಷ್ಟು, ಅಂದರೆ ಒಟ್ಟು 3000 ಪದ ಮೀರದಂತೆ, ಹೊಸ ಕಥೆಗಳ ಪಟ್ಟಿ ಇರಬೇಕೆಂಬುದು ನನ್ನ ಆಸೆ. ‘ಫಾರ್’ನ ಸುತ್ತುಗಳಿಗೆ ಮಿತಿ ಹಾಕುವ ‘ಲಿಮಿಟ್’ ಎಣಿಸುವುದು ಕಥೆಗಳನ್ನೇ ಹೊರತು ಪದಗಳನ್ನಲ್ಲ. ಷರತ್ತಿಗೆ ಹೊಂದುವವನ್ನು ಆರಿಸುವ ‘ವೇರ್’ ಫಿಲ್ಟರ್ ಒಂದೊಂದು ಕಥೆಯನ್ನು ಪ್ರತ್ಯೇಕವಾಗಿ ನೋಡುವುದರಿಂದ ಒಟ್ಟು ಮೊತ್ತ ಅದಕ್ಕೆ ತಿಳಿಯದು. ಆದ್ದರಿಂದ ಲೂಪಿನ ಹೊರಗೆ ‘ಅಸೈನ್’ ಬಳಸಿ ಮೊತ್ತವನ್ನು ಸೊನ್ನೆಗೆ ಇಟ್ಟು, ಒಳಗೆ ಪ್ರತಿ ಕಥೆಯ ಎಚ್‌ಟಿಎಂಎಲ್ ಟ್ಯಾಗ್‌ಗಳನ್ನು ತೆಗೆದು ಪದಗಳನ್ನು ಎಣಿಸಿ, ‘ಪ್ಲಸ್’ ಫಿಲ್ಟರ್‌ನಿಂದ ಕೂಡಿಸಿ, ಮೊತ್ತ 3000 ದಾಟಿದೊಡನೆ ‘ಬ್ರೇಕ್’ ಹಾಕಿ ಲೂಪನ್ನು ನಿಲ್ಲಿಸುತ್ತೇನೆ. ಸುತ್ತಲು ಪಟ್ಟಿಯೇ ಇಲ್ಲದ ಕಡೆ 1ರಿಂದ 100ರವರೆಗಿನ ರೇಂಜ್ ಕೊಟ್ಟು ಇದೇ ಉಪಾಯ ಮಾಡಬಹುದು.

ಶೀರ್ಷಿಕೆಗಳ ನಡುವೆ ಹಾಕುವ ಅಲ್ಪವಿರಾಮದ ತೊಡಕು ಬೇರೆ. ‘ಫಾರ್‌ಲೂಪ್.ಲಾಸ್ಟ್’ ಪಟ್ಟಿಯ ಕೊನೆಯನ್ನು ಗುರುತಿಸುತ್ತದೆ, ‘ಬ್ರೇಕ್’ ಎಲ್ಲಿ ಬಿತ್ತೆಂಬುದನ್ನಲ್ಲ. ಹಾಗಾಗಿ ಕೊನೆಯ ಶೀರ್ಷಿಕೆಯ ನಂತರ ಒಂದು ಅಲ್ಪವಿರಾಮ ಅನಾಥವಾಗಿ ಉಳಿಯುತ್ತದೆ. ಮೊದಲನೆಯದನ್ನು ಬಿಟ್ಟು ಉಳಿದೆಲ್ಲ ಶೀರ್ಷಿಕೆಗಳಿಗೂ ಮುಂಚೆ ಅದನ್ನು ಹಾಕಿದರೆ ಪುಟ ಅಚ್ಚುಕಟ್ಟಾಗುತ್ತದೆ.

ಇಷ್ಟೆಲ್ಲ ಸುತ್ತುಬಳಸು ಏಕೆಂದು ಮೊದಮೊದಲು ಸಿಟ್ಟು ಬರುತ್ತಿತ್ತು. ಲಿಕ್ವಿಡ್ ಹುಟ್ಟಿದ್ದು ಆನ್‌ಲೈನ್ ಅಂಗಡಿಗಳನ್ನು ಕಟ್ಟಿಕೊಡುವ ಶಾಪಿಫೈಗಾಗಿ, ಅಂಗಡಿಯವರು ತಮ್ಮ ಪುಟಗಳನ್ನು ತಾವೇ ತಿದ್ದಿಕೊಳ್ಳಲಿ ಎಂಬ ಉದ್ದೇಶದಿಂದ ಎಂದು ಅರಿತಾಗ ಆ ಸಿಟ್ಟು ತಣ್ಣಗಾಯಿತು. ಹಲವರು ಹಂಚಿಕೊಂಡ ಸರ್ವರ್‌ನಲ್ಲಿ ಒಬ್ಬರು ಬರೆದ ಮುಗಿಯದ ಲೂಪ್ ಉಳಿದವರ ಪುಟಗಳನ್ನೂ ಕಟ್ಟಿಹಾಕಬಲ್ಲದು; ‘ಫಾರ್’ ಆದರೋ ಎಲ್ಲಿ ನಿಲ್ಲಬೇಕೆಂಬುದನ್ನು ಮೊದಲೇ ತಿಳಿದು ಹೊರಡುತ್ತದೆ.

ಈಗ ಹೊಸ ಕಥೆಯ ಕಡತವನ್ನು ಉಳಿಸಿ, ಟರ್ಮಿನಲ್‌ನಲ್ಲಿ ತಾಣ ಮರಳಿ ಕಟ್ಟಿಕೊಳ್ಳುವುದನ್ನು ಕಾದು, ಮುಖಪುಟ ತೆರೆಯುವುದೇ ನನಗೊಂದು ಸುಖ. ದೀರ್ಘ ಕಥೆಯೊಂದು ಮೇಲೆ ಬಂದ ದಿನ ಕೆಳಗಿನ ಎರಡು ಕಥೆಗಳು ನಾನು ಕೈಹಾಕದೆಯೇ ಜಾಗ ಬಿಟ್ಟುಕೊಟ್ಟಿರುತ್ತವೆ.

ಷರತ್ತಿನಲ್ಲಿ ಆವರಣ ಚಿಹ್ನೆಗಳಿಗೆ ಅವಕಾಶವಿಲ್ಲದಿರುವುದನ್ನು, ಷರತ್ತುಗಳನ್ನು ಜೋಡಿಸುವ ‘ಆ್ಯಂಡ್’ (ಮತ್ತು) ಹಾಗೂ ‘ಆರ್’ (ಅಥವಾ)ಗಳನ್ನು ಬಲದಿಂದ ಎಡಕ್ಕೆ ಲೆಕ್ಕಹಾಕುವುದನ್ನು ಮಾತ್ರ ನಾನಿನ್ನೂ ಮೆಚ್ಚಿಲ್ಲ. ಅವೆರಡೂ ಒಟ್ಟಿಗೆ ಬರುವ ಕಡೆಯಲ್ಲೆಲ್ಲ ಒಂದು ‘ಇಫ್’ನೊಳಗೆ ಇನ್ನೊಂದನ್ನು ಬರೆಯುತ್ತೇನೆ.