ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆ: ಶಿಕ್ಷಕರಾಗಲು ಬೇಕಾದ ಕಾಲಾವಕಾಶ

ಬಿ.ಇಡಿ. ಅಥವಾ ಎಂ.ಇಡಿ. ಸೇರಬೇಕೆಂದು ಹೊರಟವರು ಸಾಮಾನ್ಯವಾಗಿ ವಿಚಾರಿಸುವುದು ಶುಲ್ಕ ಎಷ್ಟು, ಹಾಜರಾತಿ ಎಷ್ಟು ಬಿಗಿ, ಮುಗಿದ ಮೇಲೆ ಕೆಲಸ ಸಿಗುತ್ತದೆಯೇ ಎಂಬುದನ್ನು. ಅಗತ್ಯವಾದ ಪ್ರಶ್ನೆಗಳೇ. ಆದರೆ ಶಿಕ್ಷಕರನ್ನು ತಯಾರು ಮಾಡುವ ಸಂಸ್ಥೆಯನ್ನು ತೂಗಿ ನೋಡುವಾಗ ನಾನು ಮೊದಲು ಗಮನಿಸುವುದು, ಅಲ್ಲಿನ ಪ್ರಾಧ್ಯಾಪಕರು ಮಕ್ಕಳ ತರಗತಿಗೆ ಎಷ್ಟು ಹತ್ತಿರದಲ್ಲಿದ್ದಾರೆ ಎಂಬುದನ್ನು. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ, ಊರಿನ ಹಳಬರು ಇಂದಿಗೂ ‘ರೀಜನಲ್ ಕಾಲೇಜು’ ಎಂದೇ ಕರೆಯುವ ಪ್ರಾದೇಶಿಕ ಶಿಕ್ಷಣ ಸಂಸ್ಥೆಯನ್ನು ನಾನು ಎಳೆಯರಿಗೆ ಧೈರ್ಯವಾಗಿ ಹೇಳುವುದು ಈ ಕಾರಣಕ್ಕೆ.

ಸಂಸ್ಥೆ ಶುರುವಾದದ್ದು 1963ರಲ್ಲಿ. ಮಾಧ್ಯಮಿಕ ಶಿಕ್ಷಣ ಆಯೋಗದ ಸಲಹೆಯ ಮೇರೆಗೆ ದೇಶದಲ್ಲಿ, ಸಾಮಾನ್ಯ ವಿಷಯಗಳ ಜೊತೆಗೆ ಕೃಷಿ, ವಾಣಿಜ್ಯ, ತಾಂತ್ರಿಕ ವಿಷಯಗಳನ್ನೂ ಕಲಿಸುವ ಬಹೂದ್ದೇಶ ಪ್ರೌಢಶಾಲೆಗಳು ತಲೆಯೆತ್ತುತ್ತಿದ್ದ ಕಾಲ ಅದು. ಅವುಗಳಿಗೆ ಬೇಕಾದ ಶಿಕ್ಷಕರಿಗಾಗಿ ಕೇಂದ್ರ ಸರ್ಕಾರದ ಶೈಕ್ಷಣಿಕ ಸಂಶೋಧನೆ ಮತ್ತು ತರಬೇತಿ ಪರಿಷತ್ತಾದ ಎನ್‌ಸಿಇಆರ್‌ಟಿ ಅಜ್ಮೀರ್, ಭೋಪಾಲ್, ಭುವನೇಶ್ವರ ಮತ್ತು ಮೈಸೂರುಗಳಲ್ಲಿ ಪ್ರಾದೇಶಿಕ ಕಾಲೇಜುಗಳನ್ನು ತೆರೆಯಿತು. ಬಹೂದ್ದೇಶ ಶಾಲೆಗಳ ಯೋಜನೆ ಮುಂದೆ ಸೊರಗಿತು, ಕಾಲೇಜುಗಳು ಉಳಿದುಕೊಂಡವು. ಆವರಣದೊಳಗೇ ಇರುವ ಪ್ರಾತ್ಯಕ್ಷಿಕೆ ಶಾಲೆಯ (ಡೆಮಾನ್‌ಸ್ಟ್ರೇಷನ್ ಮಲ್ಟಿಪರ್ಪಸ್ ಸ್ಕೂಲ್) ಹೆಸರಿನಲ್ಲಿ ‘ಬಹೂದ್ದೇಶ’ ಎಂಬ ಪದವಿರುವುದು ಆ ಕಾಲದ ಗುರುತಾಗಿ. ಡಿಎಂ ಶಾಲೆ ಎಂದೇ ಎಲ್ಲರೂ ಹೇಳುವ ಈ ಶಾಲೆಯೇ ನನ್ನ ದೃಷ್ಟಿಯಲ್ಲಿ ಸಂಸ್ಥೆಯ ಅತಿ ದೊಡ್ಡ ಆಸ್ತಿ. ಶಿಕ್ಷಣ ಮನೋವಿಜ್ಞಾನದ ಉಪನ್ಯಾಸ ಕೇಳಿ ಹೊರಬಂದ ವಿದ್ಯಾರ್ಥಿಗೆ, ಆ ಉಪನ್ಯಾಸ ಯಾರ ಬಗ್ಗೆ ಇತ್ತೋ ಆ ಮಕ್ಕಳೇ ನಡೆದು ಹೋಗುವಷ್ಟು ದೂರದಲ್ಲಿ ಸಿಗುತ್ತಾರೆ.

ಬೋಧನಾ ಅಭ್ಯಾಸ ಅಲ್ಲಿ ಹೇಗೆ ನಡೆಯುತ್ತದೆ ಎನ್ನುವುದಕ್ಕೆ ನಾನು ಕಂಡ ಒಂದು ಪಾಠವನ್ನು ಹೇಳಬೇಕು. ವಿದ್ಯಾರ್ಥಿ ಶಿಕ್ಷಕಿಯೊಬ್ಬರು ತೇಲುವ, ಮುಳುಗುವ ವಸ್ತುಗಳ ಪಾಠ ಮಾಡುತ್ತಿದ್ದರು. ಪಾಠಯೋಜನೆ ಅಚ್ಚುಕಟ್ಟಾಗಿತ್ತು, ಬಕೆಟ್ಟು, ಮೊಳೆ, ಕಾರ್ಕು, ಖಾಲಿ ಸ್ಟೀಲ್ ಬಟ್ಟಲು ಎಲ್ಲವೂ ಮೇಜಿನ ಮೇಲಿದ್ದವು. ಸಾಂದ್ರತೆಯ ವ್ಯಾಖ್ಯೆಯನ್ನು ಕಪ್ಪುಹಲಗೆಯ ಮೇಲೆ ಬರೆದು ಮುಗಿಸುವಷ್ಟರಲ್ಲಿ ಒಬ್ಬ ಹುಡುಗ ಎದ್ದು, ಮೊಳೆಯೂ ಕಬ್ಬಿಣ, ಬಟ್ಟಲೂ ಕಬ್ಬಿಣ, ಬಟ್ಟಲು ಮಾತ್ರ ಏಕೆ ತೇಲಿತು ಎಂದು ಕೇಳಿದ. ಅವರು ವ್ಯಾಖ್ಯೆಯನ್ನೇ ಮತ್ತೊಮ್ಮೆ ಓದಿ ಮುಂದೆ ಸಾಗಿದರು. ಹಿಂದಿನ ಬೆಂಚಿನಲ್ಲಿ ಆಕೆಯ ಸಹಪಾಠಿಗಳೊಂದಿಗೆ ಕುಳಿತು ಅವಲೋಕನ ಬರೆದುಕೊಳ್ಳುತ್ತಿದ್ದ ಪ್ರಾಧ್ಯಾಪಕರು ತರಗತಿಯ ನಡುವೆ ಬಾಯಿ ಹಾಕಲಿಲ್ಲ. ಪಾಠ ಮುಗಿದ ನಂತರದ ಚರ್ಚೆಯಲ್ಲಿಯೂ ಉತ್ತರ ಏಕೆ ಕೊಡಲಿಲ್ಲ ಎಂದು ಕೇಳದೆ, ಆ ಹುಡುಗ ಏನನ್ನು ಗಮನಿಸಿ ಆ ಪ್ರಶ್ನೆ ಕೇಳಿದ ಎಂದು ಕೇಳಿದರು. ಬಟ್ಟಲಿನ ಆಕಾರ, ಅದು ಪಕ್ಕಕ್ಕೆ ಸರಿಸುವ ನೀರು, ಒಳಗಿರುವ ಗಾಳಿ ಎಂದು ಮಾತು ಬೆಳೆಯಿತು. ಮರುಪಾಠವನ್ನು ಹುಡುಗನ ಪ್ರಶ್ನೆಯಿಂದಲೇ ಆರಂಭಿಸುವುದೆಂದು ಆಕೆಯೇ ತೀರ್ಮಾನಿಸಿದರು. ಅಂಕ ಕೊಟ್ಟು ಸಹಿ ಹಾಕಿ ಕಳುಹಿಸುವುದಕ್ಕೆ ಐದು ನಿಮಿಷ ಸಾಕು. ಇಂಥ ಚರ್ಚೆಗೆ ಒಂದು ಗಂಟೆಯಾದರೂ ಬೇಕು.

ಅಧ್ಯಾಪಕ ವರ್ಗದ ಸಾಧನೆಯೆಂದರೆ ಪ್ರಕಟವಾದ ಪ್ರಬಂಧಗಳ ಪಟ್ಟಿ ಎಂಬ ಭಾವನೆ ಈಗ ಎಲ್ಲೆಡೆ ಬೇರೂರಿದೆ. ಆ ಪಟ್ಟಿಗೆ ಅದರದೇ ಆದ ಬೆಲೆಯಿದೆ. ಆದರೆ ಈ ಸಂಸ್ಥೆಯಲ್ಲಿ ಪಾಠ ಮಾಡಿದ ತಲೆಮಾರುಗಳ ನಿಜವಾದ ಸಾಧನೆ, ನನ್ನ ಅಭಿಪ್ರಾಯದಲ್ಲಿ, ಕೋರ್ಸುಗಳ ರೂಪದಲ್ಲಿದೆ. ಪದವಿಯ ವಿಷಯ ಮತ್ತು ಶಿಕ್ಷಕ ತರಬೇತಿ ಎರಡನ್ನೂ ಒಟ್ಟಿಗೆ ಹೆಣೆದ ನಾಲ್ಕು ವರ್ಷಗಳ ಸಂಯೋಜಿತ ಕೋರ್ಸನ್ನು ಪ್ರಾದೇಶಿಕ ಕಾಲೇಜುಗಳು 1960ರ ದಶಕದಲ್ಲಿಯೇ ನಡೆಸತೊಡಗಿದವು. 2030ರ ಹೊತ್ತಿಗೆ ಶಾಲಾ ಶಿಕ್ಷಕರಿಗೆ ನಾಲ್ಕು ವರ್ಷಗಳ ಸಂಯೋಜಿತ ಬಿ.ಇಡಿ. ಕನಿಷ್ಠ ಅರ್ಹತೆಯಾಗಬೇಕೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳಿದಾಗ ಅನೇಕರಿಗೆ ಅದು ಹೊಸ ವಿಚಾರವಾಗಿ ಕಂಡಿತು. ಮೈಸೂರಿನಲ್ಲಿ ಅದು ಹಳೆಯ ವಿದ್ಯಾರ್ಥಿಗಳ ಬದುಕಿನ ಭಾಗ. ಬಿ.ಇಡಿ.ಯ ಕತೆಯೂ ಅದೇ. ದೇಶದ ಉಳಿದೆಡೆ ಸಾಮಾನ್ಯವಾಗಿ ಒಂದೇ ವರ್ಷದಲ್ಲಿ ಮುಗಿಯುತ್ತಿದ್ದ ಈ ಕೋರ್ಸನ್ನು ಎನ್‌ಸಿಇಆರ್‌ಟಿಯ ಪ್ರಾದೇಶಿಕ ಸಂಸ್ಥೆಗಳು 1999ರಿಂದ ಎರಡು ವರ್ಷಕ್ಕೆ ಹಿಗ್ಗಿಸಿದವು. ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತು 2014ರ ನಿಯಮಾವಳಿಯ ಮೂಲಕ ಎರಡು ವರ್ಷವನ್ನೂ, ಕನಿಷ್ಠ 20 ವಾರಗಳ ಶಾಲಾ ಇಂಟರ್ನ್‌ಶಿಪ್ಪನ್ನೂ ಎಲ್ಲ ಕಾಲೇಜುಗಳಿಗೆ ಕಡ್ಡಾಯ ಮಾಡಿದ್ದು ಬಹಳ ತಡವಾಗಿ. ದೇಶ ಆಮೇಲೆ ಒಪ್ಪಿಕೊಂಡದ್ದನ್ನು ಮೊದಲೇ ಮಾಡಿ ತೋರಿಸಿದ ಅಧ್ಯಾಪಕರ ಹೆಸರುಗಳು ಪತ್ರಿಕೆಗಳಲ್ಲಿ ಬರುವುದು ಅಪರೂಪ ಎನ್ನುವುದು ನನಗೆ ಬೇಸರದ ಸಂಗತಿ.

ವಿದ್ಯಾರ್ಥಿ ಜೀವನಕ್ಕೆ ಬಂದರೆ, ದಕ್ಷಿಣದ ಐದೂ ರಾಜ್ಯಗಳು ಮತ್ತು ಪುದುಚೇರಿ, ಲಕ್ಷದ್ವೀಪಗಳು ಈ ಸಂಸ್ಥೆಯ ವ್ಯಾಪ್ತಿಗೆ ಸೇರುವುದರಿಂದ ಹಾಸ್ಟೆಲಿನ ಊಟದ ಮನೆಯಲ್ಲಿ ಮಲಯಾಳ, ತಮಿಳು, ತೆಲುಗು, ಕನ್ನಡ ಒಟ್ಟೊಟ್ಟಿಗೆ ಕೇಳಿಬರುತ್ತವೆ. ಓಣಂ, ಪೊಂಗಲ್ ಯುಗಾದಿಯಷ್ಟೇ ಸ್ವಂತವಾಗುತ್ತವೆ. ಇದರ ಲಾಭ ಹಬ್ಬದೂಟಕ್ಕೆ ಮುಗಿಯುವುದಿಲ್ಲ. ತನ್ನ ಭಾಷೆ ಬಾರದ ಗೆಳೆಯನಿಗೆ ಒಂದು ಕಲ್ಪನೆಯನ್ನು ಬಿಡಿಸಿ ಹೇಳುವ ಕಷ್ಟವನ್ನು ದಿನವೂ ಅನುಭವಿಸಿದವರು, ಮನೆಮಾತು ಬೇರೆಯಾಗಿರುವ ಮಗುವಿನ ಮೌನವನ್ನು ದಡ್ಡತನವೆಂದು ಬಗೆಯಲಾರರು. ಸಮುದಾಯದೊಂದಿಗೆ ಕೆಲಸ ಎಂಬ ಕಾರ್ಯಕ್ರಮದಡಿ ವಿದ್ಯಾರ್ಥಿಗಳು ಹಳ್ಳಿಗಳಲ್ಲಿ ಉಳಿದು ಮನೆ ಮನೆಗೆ ಹೋಗಿ ಮಾತನಾಡಿಸುವುದೂ ಪಠ್ಯದ ಭಾಗವೇ. ಭಾರತೀಯ ಭಾಷಾ ಸಂಸ್ಥಾನ ಹತ್ತಿರದಲ್ಲಿಯೇ ಇದೆ. ಭಾಷಾ ಬೋಧನೆಯಲ್ಲಿ ಆಸಕ್ತಿಯಿರುವವರಿಗೆ ಇಂಥ ನೆರೆ ಬೇರೆಲ್ಲೂ ಸಿಗಲಾರದು. ಬಿಡುವಿನ ಸಂಜೆಗಳಿಗೆ ಕುಕ್ಕರಹಳ್ಳಿ ಕೆರೆಯ ಏರಿ ಇದೆ.

ಕೊರತೆಯ ಮಾತನ್ನೂ ಹೇಳಲೇಬೇಕು. ಹಲವು ರಾಜ್ಯಗಳ ವಿದ್ಯಾರ್ಥಿಗಳು ಸೇರುವಲ್ಲಿ ಬೋಧನೆ ಇಂಗ್ಲಿಷಿನಲ್ಲಿ ನಡೆಯುವುದು ಅನಿವಾರ್ಯವೇ ಇರಬಹುದು. ಆದರೆ ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಗ್ರಾಮೀಣ ವಿದ್ಯಾರ್ಥಿಗೆ ಮೊದಲ ಸೆಮಿಸ್ಟರ್ ನಿಜಕ್ಕೂ ಭಾರ. ಅದಕ್ಕಿಂತ ಮುಖ್ಯವಾಗಿ, ಶಿಕ್ಷಣ ತತ್ವಶಾಸ್ತ್ರವನ್ನಾಗಲಿ ಮೌಲ್ಯಮಾಪನ ವಿಧಾನಗಳನ್ನಾಗಲಿ ಎಂ.ಇಡಿ. ಮಟ್ಟದಲ್ಲಿ ಚರ್ಚಿಸುವ ಗಟ್ಟಿ ಪುಸ್ತಕಗಳು ಕನ್ನಡದಲ್ಲಿ ತೀರಾ ಕಡಿಮೆ. ಇದು ಒಂದು ಸಂಸ್ಥೆಯ ತಪ್ಪಲ್ಲ. ಆದರೂ ಇಷ್ಟು ವರ್ಷಗಳ ತರಗತಿಯ ಅನುಭವವಿರುವ ಮೈಸೂರಿನ ಪ್ರಾಧ್ಯಾಪಕರೇ ಅಂಥ ಪುಸ್ತಕಗಳನ್ನು ಬರೆಯಲು ಮುಂದಾದರೆ ರಾಜ್ಯದ ನೂರಾರು ಬಿ.ಇಡಿ. ಕಾಲೇಜುಗಳಿಗೆ ಅದರ ಪ್ರಯೋಜನ ತಲುಪುತ್ತದೆ. ಡಿಎಂ ಶಾಲೆ ಸಿಬಿಎಸ್‌ಇಗೆ ಸೇರಿದ್ದು ಎಂಬುದನ್ನೂ ಗಮನಿಸಬೇಕು. ಮುಂದೆ ಸರ್ಕಾರಿ ಕನ್ನಡ ಶಾಲೆಯಲ್ಲಿ ಕೆಲಸ ಮಾಡಲಿರುವವರು ಇಂಟರ್ನ್‌ಶಿಪ್ಪಿನ ಒಂದಷ್ಟು ಭಾಗವನ್ನಾದರೂ ಅಂಥ ಶಾಲೆಯಲ್ಲಿ ಕಳೆಯಲು ಪ್ರಯತ್ನಿಸುವುದು ಒಳ್ಳೆಯದು.

ಬೇಗ ಪದವಿ ಪತ್ರ ಕೈಗೆ ಬಂದರೆ ಸಾಕು ಎನ್ನುವವರಿಗೆ ಈ ಜಾಗ ಹೇಳಿಮಾಡಿಸಿದ್ದಲ್ಲ. ಇಲ್ಲಿ ದಿನವಿಡೀ ಕೆಲಸವಿರುತ್ತದೆ, ಪಾಠಯೋಜನೆಗಳನ್ನು ತಿದ್ದಿ ಮತ್ತೆ ಬರೆಯಬೇಕಾಗುತ್ತದೆ. ತರಗತಿಯಲ್ಲಿ ನಿಲ್ಲುವುದನ್ನು ಗಂಭೀರವಾಗಿ ಕಲಿಯಬಯಸುವವರಿಗೆ, ಅದರಲ್ಲೂ ವಿಜ್ಞಾನ, ಗಣಿತ ಬೋಧಿಸುವ ಹಂಬಲವುಳ್ಳವರಿಗೆ, ಸರ್ಕಾರಿ ಶುಲ್ಕದಲ್ಲಿ ಇಂಥ ಅವಕಾಶ ಕರ್ನಾಟಕದಲ್ಲಿ ಹೆಚ್ಚಿಲ್ಲ. ಪದವಿ ಕೊಡುವುದು ಮೈಸೂರು ವಿಶ್ವವಿದ್ಯಾನಿಲಯ. ಬಿ.ಇಡಿ., ಎಂ.ಇಡಿ.ಗಳಿಗೆ ಎನ್‌ಸಿಇಆರ್‌ಟಿಯ ಸಾಮಾನ್ಯ ಪ್ರವೇಶ ಪರೀಕ್ಷೆ ಇದೆ. ಪಿಯುಸಿ ನಂತರದ ಸಂಯೋಜಿತ ಕೋರ್ಸುಗಳ ಪ್ರವೇಶ ಪದ್ಧತಿ ಹೊಸ ನೀತಿಯ ನಂತರ ಬದಲಾಗುತ್ತಿರುವುದರಿಂದ, ಹಿಂದಿನ ವರ್ಷ ಸೇರಿದವರ ಮಾತನ್ನು ನೆಚ್ಚಿ ಕೂರದೆ ಆಯಾ ವರ್ಷದ ಅಧಿಕೃತ ಪ್ರಕಟಣೆಯನ್ನು ಓದಿಕೊಂಡೇ ಅರ್ಜಿ ಹಾಕಿ.